ವಿರುದ್ಧರಾಜ್ಯಾತಿಕ್ರಮ ಮತ್ತು ಒಂದು ಲಿಲಾವು ತೋಟ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರವನ್ನು ಓದಿ ಅರ್ಥ ಹೇಳುವುದು ಶ್ರಾವಕರ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಏಳನೆಯ ದಿನ ವ್ರತಗಳ ಅಧ್ಯಾಯ ಬರುತ್ತದೆ. ಜೀವ, ಅಜೀವ, ಲೋಕವಿಸ್ತಾರಗಳ ದಿನಗಳಲ್ಲಿ ತೂಕಡಿಸುತ್ತಿದ್ದ ವ್ಯಾಪಾರಿಗಳೂ ಆ ದಿನ ನೆಟ್ಟಗೆ ಕೂರುತ್ತಾರೆ. ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ನೇರವಾಗಿ ಅಂಗಡಿಯೊಳಗೇ ಕಾಲಿಡುವುದು ಇದಕ್ಕೆ ಕಾರಣ. ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ತಕ್ಕಡಿ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಡುವುದು ಎಂಬ ನಾಲ್ಕರ ಅರ್ಥ ಮಕ್ಕಳಿಗೂ ತಿಳಿಯುತ್ತದೆ. ನಡುವೆ ಮೂರನೆಯದಾಗಿ ನಿಂತಿರುವ ವಿರುದ್ಧರಾಜ್ಯಾತಿಕ್ರಮ ಎಂಬುದೊಂದೇ ವಿವಾದಕ್ಕೆ ಎಡೆಮಾಡುವ ಮಾತು.

2011ರ ಭಾದ್ರಪದದಲ್ಲಿ ಭಟ್ಕಳದ ಒಂದು ಮನೆಯಲ್ಲಿ ಈ ಮಾತಿನ ಮೇಲೆ ನಡೆದ ಚರ್ಚೆ ಆ ರಾತ್ರಿಗೆ ಮುಗಿಯಲಿಲ್ಲ. ಮನೆಯೊಡತಿ ಎಪ್ಪತ್ತೈದು ದಾಟಿದ ಹಿರಿಯಾಕೆ. ಓದುತ್ತಿದ್ದವರು ಆಕೆಯ ತಮ್ಮ. ಕುಮಟಾದಲ್ಲಿ ಅಡಿಕೆ ಮಂಡಿ ನಡೆಸುವವರು. ಇವರ ಮೂಲಮನೆ ಹೊನ್ನಾವರದ್ದು. ಇನ್ನೊಬ್ಬ ಸಹೋದರನ ಮಗ ಬಹರೈನಿನ ಮನಾಮಾದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು, ರಜೆಯ ಮೇಲೆ ಬಂದವನು ಹಬ್ಬಕ್ಕಾಗಿ ಅತ್ತೆಯ ಮನೆಗೆ ಬಂದಿದ್ದನು.

ಆ ವರ್ಷ ಭಟ್ಕಳದಲ್ಲಿ ಅರಬ್ ದೇಶಗಳ ಸುದ್ದಿಯು ದೂರದ ಸುದ್ದಿಯಾಗಿರಲಿಲ್ಲ. ವಿಜಯನಗರಕ್ಕೆ ಅರಬ್ ಕುದುರೆಗಳು ಇಳಿಯುತ್ತಿದ್ದ ರೇವು ಇದು. ಇಲ್ಲಿಯ ನವಾಯತರ ಮನೆಗಳಿಗೆ ಕಡಲಾಚೆಯ ನಂಟು ಶತಮಾನಗಳದ್ದು. ಇತ್ತೀಚಿನ ದಶಕಗಳಲ್ಲಿ ಕೊಲ್ಲಿಯ ಸಂಬಳವು ಊರಿನ ಅರ್ಧ ಬಾಳನ್ನೇ ಹೊತ್ತಿದೆ. 2010ರ ಡಿಸೆಂಬರ್ 17ರಂದು ಟ್ಯುನೀಸಿಯಾದ ಸಿದಿ ಬೂಜಿದ್ ಎಂಬ ಊರಿನಲ್ಲಿ ಮೊಹಮ್ಮದ್ ಬುವಾಜಿಜಿ ಎಂಬ ತಳ್ಳುಗಾಡಿಯ ಹಣ್ಣಿನ ವ್ಯಾಪಾರಿ, ಅಧಿಕಾರಿಗಳು ತನ್ನ ಸಾಮಾನನ್ನು ಕಸಿದುಕೊಂಡರೆಂಬ ಅವಮಾನದಲ್ಲಿ ಮೈಗೆ ಬೆಂಕಿಯಿಟ್ಟುಕೊಂಡನು. ಇಪ್ಪತ್ತೆಂಟು ದಿನಗಳೊಳಗೆ, ಜನವರಿ 14ರಂದು, ಇಪ್ಪತ್ತಮೂರು ವರ್ಷ ಆಳಿದ ಬೆನ್ ಅಲಿ ದೇಶ ಬಿಟ್ಟು ಓಡಿದನು. ಫೆಬ್ರವರಿ 11ರಂದು ಈಜಿಪ್ಟಿನ ಮುಬಾರಕ್ ಇಳಿದನು. ಫೆಬ್ರವರಿ 15ರಂದು ಮನಾಮಾದ ಮುತ್ತಿನ ವೃತ್ತದಲ್ಲಿ ಜನ ನೆರೆದರು. ಮಾರ್ಚ್ 14ರಂದು ಸೌದಿ ಅರೇಬಿಯಾದ ಸೈನ್ಯ ಸೇತುವೆ ದಾಟಿ ಬಂದಿತು. 18ರಂದು ವೃತ್ತದ ಸ್ಮಾರಕವನ್ನೇ ಕೆಡವಲಾಯಿತು. ಈ ಕೊನೆಯ ಸಂಗತಿಗಳು ಹುಡುಗನ ಕೊಠಡಿಯಿಂದ ಅರ್ಧ ಗಂಟೆಯ ದಾರಿಯಲ್ಲಿ ನಡೆದವು.

ಓದುತ್ತಿದ್ದ ಹಿರಿಯರು ಮೂರನೆಯ ಅತಿಚಾರಕ್ಕೆ ರೂಢಿಯ ಅರ್ಥವನ್ನೇ ಹೇಳಿದರು. ರಾಜ್ಯದ ಕಟ್ಟಳೆಯನ್ನು ಮೀರಬಾರದು, ಸುಂಕ ತಪ್ಪಿಸಬಾರದು, ಆಳುವವರ ವಿರುದ್ಧ ಹೋಗುವುದು ಶ್ರಾವಕನ ಮಾರ್ಗವಲ್ಲ.

ಹುಡುಗನು ಕೇಳಿದನು: “ಚಿಕ್ಕಪ್ಪಾ, ಆಳುವವನೇ ಕಳ್ಳನಾದರೆ? ನಲವತ್ತು ವರ್ಷ ಒಬ್ಬನೇ ಕೂತು, ಕೇಳಿದವರನ್ನೆಲ್ಲ ಸೆರೆಮನೆಗೆ ತಳ್ಳಿದರೆ? ಅವನ ಕಟ್ಟಳೆಯನ್ನು ಮೀರಿದವರಿಗೂ ಅಚೌರ್ಯವ್ರತ ಭಂಗವೇ?”

“ಮೀರಿ ಏನು ಕಂಡರು ಹೇಳು,” ಎಂದರು ಹಿರಿಯರು. ಅವರ ದೃಷ್ಟಾಂತ ದೂರದ್ದಲ್ಲ, ಘಟ್ಟದ ಮೇಲಿನ ನಗರದ್ದು. ಮೈಸೂರು ಅರಸರ ಅಮಲ್ದಾರರು ಗುತ್ತಿಗೆಯ ಪದ್ಧತಿಯಲ್ಲಿ ಕಂದಾಯವನ್ನು ಹಿಂಡುತ್ತಿದ್ದಾಗ 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲವೆಂದರು. ಕೂಟದ ಹಿಂದೆ ಬೂದಿ ಬಸವಪ್ಪ ಕೆಳದಿಯ ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ಎದ್ದನು; ಕತ್ತಿ ಬಂದಿತು, ಬೆಂಕಿ ಬಂದಿತು. 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡರು. ಅದು ಅರಸುಮನೆತನಕ್ಕೆ ಮರಳಿದ್ದು 1881ರಲ್ಲಿ. “ಅಮಲ್ದಾರನನ್ನು ಓಡಿಸಲು ಹೋಗಿ ಐವತ್ತು ವರ್ಷ ಕಮಿಷನರನನ್ನು ಕೂರಿಸಿಕೊಂಡರು. ನಿನ್ನ ಕೈರೋದವರೂ ಇದನ್ನೇ ಮಾಡುತ್ತಾರೆ, ನೋಡುತ್ತಿರು.”

ಈ ಭವಿಷ್ಯವು ಬಹುಮಟ್ಟಿಗೆ ನಿಜವಾಯಿತೆಂಬುದನ್ನು ಇಂದು ಒಪ್ಪಲೇಬೇಕು. ಈಜಿಪ್ಟಿನಲ್ಲಿ 2012ರಲ್ಲಿ ಚುನಾಯಿತನಾದ ಮೊರ್ಸಿಯನ್ನು 2013ರ ಜುಲೈ 3ರಂದು ಸೈನ್ಯ ಇಳಿಸಿತು. ಲಿಬಿಯಾ ಒಡೆಯಿತು. ಯೆಮೆನ್ ಯುದ್ಧಕ್ಕೆ ಸಿಕ್ಕಿ, 2015ರ ಏಪ್ರಿಲಿನಲ್ಲಿ ಅಲ್ಲಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು ಹಡಗು, ವಿಮಾನಗಳಲ್ಲಿ ಕರೆತರಬೇಕಾಯಿತು. ಸಿರಿಯಾದ ಅಸದ್ ಇಳಿದದ್ದು 2024ರ ಡಿಸೆಂಬರ್ 8ರಂದು, ಲಕ್ಷಾಂತರ ಜೀವಗಳು ಹೋದ ಮೇಲೆ. 2014ರಲ್ಲಿ ಒಳ್ಳೆಯ ಸಂವಿಧಾನ ಬರೆದುಕೊಂಡ ಟ್ಯುನೀಸಿಯಾದಲ್ಲಿಯೂ 2021ರ ಜುಲೈ 25ರಂದು ಅಧ್ಯಕ್ಷನು ಸಂಸತ್ತಿನ ಬಾಗಿಲು ಮುಚ್ಚಿಸಿದನು. ಆದರೆ ಫಲ ಕೆಟ್ಟದ್ದಾಯಿತೆಂಬ ಮಾತ್ರಕ್ಕೆ ಆ ಹಣ್ಣಿನ ವ್ಯಾಪಾರಿಯ ತಕ್ಕಡಿಯನ್ನು ಕಸಿದದ್ದು ನ್ಯಾಯವಾಗುವುದಿಲ್ಲ. ಹುಡುಗನ ಪ್ರಶ್ನೆ ಫಲದ ಕುರಿತಾಗಿರಲಿಲ್ಲ. ಹಿರಿಯರ ಉತ್ತರ ಅದನ್ನು ಬದಿಗಿಟ್ಟು ಹೋಯಿತು.

ಆಳುವವನಿಗೆ ತಲೆಬಾಗುವುದೇ ಜೈನಶಾಸ್ತ್ರದ ಅಭಿಪ್ರಾಯವೆಂದು ಭಾವಿಸುವವರು ಹತ್ತನೆಯ ಶತಮಾನದ ಸೋಮದೇವಸೂರಿಗಳ ನೀತಿವಾಕ್ಯಾಮೃತದ ಮೊದಲ ವಾಕ್ಯವನ್ನು ನೋಡಬೇಕು. ಅಲ್ಲಿ ವಂದನೆ ಸಲ್ಲುವುದು ರಾಜನಿಗಲ್ಲ. ಧರ್ಮ, ಅರ್ಥ, ಕಾಮಗಳೆಂಬ ಫಲವನ್ನು ಕೊಡುವ ರಾಜ್ಯಕ್ಕೆ. ಫಲವನ್ನು ಕೊಡದ ರಾಜ್ಯವು ಆ ವಂದನೆಗೆ ಪಾತ್ರವೇ ಎಂಬುದನ್ನು ಓದುಗರು ತಾವೇ ಯೋಚಿಸಬಹುದು. ಯಾವ ಸರಕಾರ ಬಂದರೂ ಮೊದಲ ಹಾರ ತಮ್ಮದೇ ಆಗಬೇಕೆಂದು ಓಡುವ ಕೆಲವು ಟ್ರಸ್ಟುಗಳವರು ವಿರುದ್ಧರಾಜ್ಯಾತಿಕ್ರಮದ ಹೆಸರನ್ನು ಹೇಳುವುದುಂಟು. ಶಾಸ್ತ್ರಕ್ಕೆ ಅದು ಅಪಚಾರ.

ಭಟ್ಕಳದ ಚರ್ಚೆಯ ದಾರಿಯನ್ನು ತಿರುಗಿಸಿದ್ದು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ. ಹಿರಿಯರು ಪ್ರಾಮಾಣಿಕರು, ವಾದದಲ್ಲಿ ಗೆಲ್ಲುವುದಕ್ಕಾಗಿಯೇ ಟೀಕೆಯನ್ನು ತರಿಸಿದರಾದರೂ ಅಲ್ಲಿ ಕಂಡದ್ದನ್ನು ಮುಚ್ಚಿಡಲಿಲ್ಲ. ಆಚಾರ್ಯರು ಅಲ್ಲಿ ರಾಜಾಜ್ಞೆಯನ್ನು ಮೀರುವ ಪ್ರಜೆಯನ್ನು ಮುಂದೆ ನಿಲ್ಲಿಸುವುದಿಲ್ಲ. ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ರೀತಿಯಿಂದ ಕೊಡುವುದು, ತೆಗೆದುಕೊಳ್ಳುವುದು ಅತಿಕ್ರಮವೆನ್ನುತ್ತಾರೆ. ರಾಜ್ಯವು ವಿರುದ್ಧವಾದ ಸ್ಥಿತಿಯಲ್ಲಿರುವಾಗ, ಬಹುಬೆಲೆಯ ವಸ್ತುಗಳು ಅಲ್ಲಿ ಅಲ್ಪಬೆಲೆಗೆ ಸಿಗುತ್ತವೆಂದು ಅವುಗಳಿಗಾಗಿ ಪ್ರಯತ್ನಿಸುವುದನ್ನು ಉದಾಹರಿಸುತ್ತಾರೆ. ಸುಮಾರು ಹದಿನೈದು ನೂರು ವರ್ಷಗಳ ಹಿಂದೆ ಕುಳಿತು ಬರೆದ ಯತಿಗಳಿಗೆ ವ್ಯಾಪಾರಿಯ ಮನಸ್ಸು ಎಷ್ಟು ಚೆನ್ನಾಗಿ ಗೊತ್ತಿತ್ತು! ದಂಗೆಯ ಕಾಲದಲ್ಲಿ ಅಂಗಡಿಕಾರನು ದಂಗೆಯೇಳುವುದು ಅಪರೂಪ. ಅವನು ಮಾಡುವುದು ಖರೀದಿ.

ಓದು ನಿಂತು ಸ್ವಲ್ಪ ಹೊತ್ತಿಗೆ ಹುಡುಗನೇ ಮಾತೆತ್ತಿದನು. ಅವನ ಕಚೇರಿಯ ಬಹರೈನಿ ಸಹೋದ್ಯೋಗಿಯೊಬ್ಬನು ವೃತ್ತದ ಸಭೆಗೆ ಹೋದನೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದನು. (ಆ ವಸಂತದಲ್ಲಿ ಸಾವಿರಾರು ನೌಕರರು ಹೀಗೆ ವಜಾ ಆದದ್ದನ್ನು, ದೊರೆಯೇ ನೇಮಿಸಿದ ವಿಚಾರಣಾ ಆಯೋಗವು 2011ರ ನವೆಂಬರಿನ ತನ್ನ ವರದಿಯಲ್ಲಿ ದಾಖಲಿಸಿದೆ.) ಮನೆಬಾಡಿಗೆಗಾಗಿ ಅವನು ತನ್ನ ಕಾರನ್ನು ಮಾರಹೊರಟನು. ಪೇಟೆಯ ಬೆಲೆಯ ಮೂರನೆಯ ಒಂದು ಪಾಲಿಗೆ ಅದನ್ನು ಕೊಂಡವನು ಈ ಹುಡುಗನೇ.

“ಅವನೇ ಬಂದು ಕೇಳಿದ್ದು, ಚಿಕ್ಕಪ್ಪಾ. ನೋಂದಣಿ, ರಸೀದಿ ಎಲ್ಲ ಸರಿಯಾಗಿದೆ,” ಎಂದನು. ಜನರ ಹಕ್ಕಿಗಾಗಿ ಅಷ್ಟು ಹೊತ್ತು ವಾದಿಸಿದವನ ದನಿ ಆಗ ತಗ್ಗಿತ್ತು.

ಹಿರಿಯರು ಬಾಯಿ ತೆರೆಯುವ ಮೊದಲೇ ಮನೆಯೊಡತಿ ಅಡುಗೆಮನೆಯ ಬಾಗಿಲಿನಿಂದ ಹೇಳಿದರು: “ಅವನನ್ನು ಬೈಯಬೇಡ ತಮ್ಮಾ. ಅಜ್ಜನ ಲಿಲಾವು ತೋಟದ ರಸೀದಿಯೂ ಸರಿಯಾಗಿಯೇ ಇತ್ತು.”

ಲಿಲಾವು ತೋಟ ಎಂಬ ಮಾತನ್ನು ಹಿರಿಯರು ಬಾಲ್ಯದಲ್ಲಿ ಕೇಳಿದ್ದರು. ಯಾವುದೋ ಗದ್ದೆಗೆ ಇರುವ ಅಡ್ಡಹೆಸರೆಂದು ತಿಳಿದಿದ್ದರು. ಅಕ್ಕನಿಗೆ ತಾಯಿಯ ಬಾಯಿಂದ ಕೇಳಿದ ಪೂರ್ಣ ಸಂಗತಿ ಗೊತ್ತಿತ್ತು. ಅದನ್ನು ತಿಳಿಯಲು ಈ ಜಿಲ್ಲೆಯ ಕರನಿರಾಕರಣೆಯ ಕಾಲಕ್ಕೆ ಹೋಗಬೇಕು.

ಅಂದು ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನನ್ನು ಮುರಿದ ಮೇಲೆ ಚಳವಳಿ ಅಷ್ಟಕ್ಕೇ ನಿಲ್ಲಲಿಲ್ಲ. ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯವನ್ನೇ ಕೊಡುವುದಿಲ್ಲವೆಂದು ನಿಂತರು. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಿಂದ ಕೆಲಕಾಲ ತಡೆಯುಂಟಾಯಿತು. 1932ರಲ್ಲಿ ಮತ್ತೆ ಹೊತ್ತಿಕೊಂಡಿತು. ಸರಕಾರವು ಮನೆಯ ಪಾತ್ರೆ, ದನಕರು, ಕಣದ ಭತ್ತ, ಅಟ್ಟದ ಅಡಿಕೆಗಳನ್ನು ಜಪ್ತಿ ಮಾಡಿತು. ಆ ಮೇಲೆ ಭೂಮಿಯನ್ನೇ ಮುಟ್ಟುಗೋಲು ಹಾಕಿ ಲಿಲಾವು ಕರೆಯಿತು. ನೂರಾರು ಕುಟುಂಬಗಳು ತಲೆಮಾರುಗಳಿಂದ ಬೆಳೆಸಿದ ತೋಟಗಳಿಂದ ಹೊರಬಿದ್ದವು. ಗಂಡಸರು ಸೆರೆಮನೆಗೆ ಹೋದ ಊರುಗಳಲ್ಲಿ ಹೆಂಗಸರು, ಲಿಲಾವಿನಲ್ಲಿ ಕೊಂಡವರ ಮನೆಬಾಗಿಲ ಮುಂದೆ ಉಪವಾಸ ಕುಳಿತರು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ಹೊನ್ನಾವರದಿಂದ ಜೋಗಕ್ಕೆ ಹೋಗುವವರು ಅದರ ಪಕ್ಕದಿಂದಲೇ ಹಾಯುತ್ತಾರೆ. ಇಳಿದು ನೋಡುವವರು ಕಡಿಮೆ.

ಇದೂ ಪ್ರಜೆಗಳ ದಂಗೆಯೇ. ತಾವು ಆರಿಸದ, ತಮ್ಮ ಮಾತು ಕೇಳದ ಪ್ರಭುತ್ವದ ಎದುರು ನಿಂತದ್ದೇ. ನಗರದ ಕೂಟಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಅಹಿಂಸಾಣುವ್ರತದ ದೃಷ್ಟಿಯಿಂದ ಹೇಳುವುದಾದರೆ, ತನ್ನ ರಕ್ಷಣೆಗಾಗಿ ಎದುರಾಳಿಗೆ ಮಾಡಬೇಕಾಗಿ ಬರುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂದು ಶಾಸ್ತ್ರಕಾರರು ಒಪ್ಪಿದ್ದಾರೆ. ಸಿದ್ದಾಪುರದವರು ಆ ವಿನಾಯಿತಿಯನ್ನೂ ಬಳಸಿಕೊಳ್ಳಲಿಲ್ಲ. ಕೊಡಬೇಕಾದುದನ್ನು ಕದ್ದು ಉಳಿಸಿಕೊಂಡವರಲ್ಲ. ಕೊಡುವುದಿಲ್ಲವೆಂದು ಬಹಿರಂಗವಾಗಿ ಹೇಳಿ, ಅದಕ್ಕೆ ಬಂದ ದಂಡವನ್ನು ಬಹಿರಂಗವಾಗಿಯೇ ತೆತ್ತರು. ಸುಂಕದ ಕಟ್ಟೆಯನ್ನು ಕತ್ತಲೆಯಲ್ಲಿ ದಾಟಿಸಿದ ಮೂಟೆಗೂ, ಹಗಲಿನಲ್ಲಿ ಬಿಟ್ಟುಕೊಟ್ಟ ತೋಟಕ್ಕೂ ಒಂದೇ ಹೆಸರಿಡುವುದು ಯಾವ ಟೀಕಾಕಾರನಿಗೂ ಒಪ್ಪದು.

ಇಂತಹ ಒಂದು ತೋಟವನ್ನು 1932ರಲ್ಲಿ ಲಿಲಾವಿನಲ್ಲಿ ಹಿಡಿದವರಲ್ಲಿ ಈ ಮನೆಯ ಅಜ್ಜನೂ ಒಬ್ಬರು. ಹೊನ್ನಾವರದಲ್ಲಿ ಗೌರವಸ್ಥರು, ನಿತ್ಯ ಜಿನದರ್ಶನವಿಲ್ಲದೆ ಊಟ ಮಾಡದವರು, ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದವರು. ತಾವು ಕೊಳ್ಳದಿದ್ದರೆ ಇನ್ನೊಬ್ಬರು ಕೊಳ್ಳುತ್ತಾರೆ, ಮಾರುತ್ತಿರುವವರು ಸರಕಾರದವರು, ಹಣ ಕಟ್ಟಿ ರಸೀದಿ ಪಡೆದದ್ದು ಕಳವು ಹೇಗಾದೀತು ಎಂದು ಅವರು ಹೇಳುತ್ತಿದ್ದರಂತೆ. 1938ರಲ್ಲಿ ಬಿ. ಜಿ. ಖೇರ್ ಅವರ ಮಂತ್ರಿಮಂಡಲವು, ಮುಟ್ಟುಗೋಲಾದ ಭೂಮಿಯನ್ನು ಕೊಂಡವರಿಗೆ ಪರಿಹಾರ ಕೊಟ್ಟು ಬಿಡಿಸಿ ಮೂಲ ಒಡೆಯರಿಗೆ ಉಚಿತವಾಗಿ ಹಿಂದಿರುಗಿಸುವ ಕಾಯಿದೆಯನ್ನು ಮಾಡಿತು. ಅಜ್ಜನವರು ಹಣ ಪಡೆದು ತೋಟ ಬಿಟ್ಟುಕೊಟ್ಟರು. ವ್ಯವಹಾರ ಚುಕ್ತಾ ಆಯಿತೆಂದು ಎಲ್ಲರೂ ತಿಳಿದರು.

ಆದರೆ ಖಾತೆವಹಿ ಹಾಗೆ ಹೇಳುವುದಿಲ್ಲ. ಹಬ್ಬ ಮುಗಿದ ಮೇಲೆ ಚಿಕ್ಕಪ್ಪನೂ ಮಗನೂ ಹೊನ್ನಾವರದ ಮನೆಯ ಅಟ್ಟದಿಂದ ಹಳೆಯ ವಹಿಗಳನ್ನು ಇಳಿಸಿ ನೋಡಿದರು. ‘ಲಿಲಾವು ತೋಟ’ ಎಂಬ ಶಿರೋನಾಮೆಯ ಕೆಳಗೆ ಆರು ಫಸಲುಗಳ ಚಾಲಿ ಅಡಿಕೆಯ ತೂಕ, ಕೊನೆ ಕೊಯ್ದವರ ಕೂಲಿ, ಕುಮಟೆಗೆ ಸಾಗಿಸಿದ ಗಾಡಿಬಾಡಿಗೆ, ಬಂದ ಹಣ ಎಲ್ಲವೂ ಅಚ್ಚುಕಟ್ಟಾಗಿ ಬರೆದಿದ್ದವು. ಲೆಕ್ಕದಲ್ಲಿ ಒಂದು ಕಾಸಿನ ಸುಳ್ಳಿರಲಿಲ್ಲ. ಕೊಟ್ಟ ಬೆಲೆ 1938ರಲ್ಲಿ ಮರಳಿ ಬಂದದ್ದರಿಂದ ಆರು ಫಸಲೂ ನಿವ್ವಳ ಲಾಭವಾಗಿ ನಿಂತಿತ್ತು. ಈಗಿನ ಅಳತೆಯಲ್ಲಿ ಸುಮಾರು 30 ಕ್ವಿಂಟಲ್. ಅದೇ ವರ್ಷಗಳ ಇನ್ನೊಂದು ಪುಟದಲ್ಲಿ ಬಸದಿಯ ಅಭಿಷೇಕಕ್ಕೆ ಕೊಟ್ಟ ಕಾಣಿಕೆಗಳ ಪಟ್ಟಿಯಿತ್ತು. ಆ ಎರಡು ಪುಟಗಳ ನಡುವಿನ ಸಂಬಂಧವನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಹಿರಿಯರಿಗೆ ನಿದ್ರೆ ಹೋಯಿತೆಂದು ಮನೆಯವರು ಹೇಳುತ್ತಾರೆ. ಅವರು ಮಾಡಿದ್ದು ವ್ಯಾಪಾರಿಯು ಮಾಡುವ ಕೆಲಸವನ್ನೇ. ಆರು ಫಸಲಿನ ತೂಕಕ್ಕೆ ಕುಮಟೆಯ ಆ ದಿನದ ಚಾಲಿ ದರ ಹಾಕಿ, ಕೂಲಿ, ಸಾಗಾಟಗಳನ್ನು ಕಳೆದು, ಬಂದ ಮೊತ್ತವನ್ನು ಬಸದಿಯ ಜೀರ್ಣೋದ್ಧಾರಕ್ಕೆ ಕೊಡುವುದಾಗಿ 2012ರಲ್ಲಿ ಟ್ರಸ್ಟಿಗೆ ಬರೆದರು. ಹಣದ ಮೂಲವನ್ನೂ ಅದೇ ಪತ್ರದಲ್ಲಿ ಕಾಣಿಸಿದರು. ಕಾಣಿಸದಿದ್ದರೆ ಹಾರ, ಫಲತಾಂಬೂಲಗಳೊಂದಿಗೆ ವಿಷಯ ಮುಗಿದುಹೋಗುತ್ತಿತ್ತು.

ಟ್ರಸ್ಟಿನ ಸಭೆ ಎರಡು ಸಲ ಸೇರಿತು. ಮಾಡು ಸೋರುತ್ತಿದೆ, ಮಳೆಗಾಲ ಬಂದಿದೆ, ಎಂಬತ್ತು ವರ್ಷಗಳ ಹಿಂದಿನ ಅಡಿಕೆಯ ವಿಚಾರ ಈಗೇಕೆ ಎಂದವರು ಕೆಲವರು. ಕಾನೂನಿನ ಪ್ರಕಾರ ಯಾವ ದೋಷವೂ ಇಲ್ಲವೆಂದು ಇನ್ನೊಬ್ಬರು ಹೇಳಿದರು. ಅದು ನಿಜವೂ ಹೌದು. ಕೋಶಾಧಿಕಾರಿಗಳು ಮಾತ್ರ ಒಂದೇ ಪ್ರಶ್ನೆ ಕೇಳಿದರು: ಈ ಹಣದ ಒಡೆಯರು ಯಾರು? ಕಳೆದುಕೊಂಡವರ ವಂಶದವರು ಘಟ್ಟದ ಮೇಲೆ ಇದ್ದಾರೆಂದು ಗೊತ್ತಿರುವಾಗ ಅವರನ್ನು ಕೇಳದೆ ಬಸದಿಯು ಸ್ವೀಕರಿಸಿದರೆ, ಐದು ಅತಿಚಾರಗಳಲ್ಲಿ ಎರಡನೆಯದು ಟ್ರಸ್ಟಿನ ತಲೆಗೇ ಬರುವುದಿಲ್ಲವೇ? ಪ್ರಾಯಶ್ಚಿತ್ತ ಮಾಡಿಕೊಳ್ಳುವವರಿಗೆ ದೇವರ ಹುಂಡಿಯು ಹತ್ತಿರದ ದಾರಿ. ಹತ್ತಿರದ್ದೆಲ್ಲ ಸರಿಯಾದ ದಾರಿಯಲ್ಲ ಎಂದು ಅವರು ವಾದಿಸಿದರು. ಈ ಕೋಶಾಧಿಕಾರಿಗಳಂತಹವರು ಪ್ರತಿ ಟ್ರಸ್ಟಿನಲ್ಲಿ ಒಬ್ಬರಾದರೂ ಇರಬೇಕು. ಅವರನ್ನು ಯಾರೂ ಎರಡನೆಯ ಸಲ ಆರಿಸುವುದಿಲ್ಲವೆಂಬುದೂ ಅಷ್ಟೇ ನಿಜ.

ಕೊನೆಗೆ ಆದ ಠರಾವು: ಹಣವನ್ನು ದಾನವಾಗಿ ಜಮೆ ಮಾಡತಕ್ಕದ್ದಲ್ಲ, ಅನಾಮತ್ತು ಖಾತೆಯಲ್ಲಿ ಇಡತಕ್ಕದ್ದು, ದಾನಿಗಳು ಸಂಬಂಧಪಟ್ಟ ಕುಟುಂಬವನ್ನು ಕಂಡು ಬರತಕ್ಕದ್ದು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಹಿರಿಯರು ವಹಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೇರುಸೊಪ್ಪೆಯ ಘಟ್ಟ ಹತ್ತಿದರು. ನಡುವೆ ಶರಾವತಿಯ ಆಚೆ ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಕೈಮುಗಿದರು. ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸಿನ ಸಂಪತ್ತಿನಿಂದ ತುಂಬಿದ್ದ ಆ ಪಟ್ಟಣವು ಪ್ರಜೆಗಳ ದಂಗೆಯಿಂದ ಬಿದ್ದುದಲ್ಲ, ನೆರೆಯ ಅರಸರ ದಂಡಿನಿಂದ ಬಿದ್ದುದು. ಬಿದ್ದ ಮೇಲೆ ಅಲ್ಲಿಯ ಕಲ್ಲು, ಕಂಬಗಳನ್ನು ಯಾರು ಯಾವ ಬೆಲೆಗೆ ಕೊಂಡರೆಂಬ ಲೆಕ್ಕ ಮಾತ್ರ ಯಾವ ವಹಿಯಲ್ಲಿಯೂ ಉಳಿದಿಲ್ಲ. ಮಾವಿನಗುಂಡಿಯಲ್ಲಿ ಇಳಿದು ಸ್ಮಾರಕವನ್ನು ನೋಡಿದರು. ಎಷ್ಟೋ ಸಲ ಅದೇ ದಾರಿಯಲ್ಲಿ ಅಡಿಕೆ ಲಾರಿಯ ಹಿಂದೆ ಹೋಗಿದ್ದವರಿಗೆ ಅದು ಮೊದಲ ಸಲ.

ತೋಟದ ಮನೆಯಲ್ಲಿ ಎಂಬತ್ತು ದಾಟಿದ ಯಜಮಾನರಿದ್ದರು. ಬಂದವರಿಗೆ ಬೆಲ್ಲ, ನೀರು ಕೊಟ್ಟು, ಬಂದ ಕಾರಣವನ್ನು ಪೂರ್ತಿ ಕೇಳಿದರು. ನೋಟಿನ ವಿಚಾರ ಬಂದಾಗ ಕೈಯಾಡಿಸಿದರು.

“ಹೋಗುವುದೆಲ್ಲ ಹೋಗಲಿ ಎಂದೇ ಅಪ್ಪಯ್ಯ ಹೊರಟದ್ದು. ನಾನು ಈಗ ತೆಗೆದುಕೊಂಡರೆ ಅವರು ಬಿಟ್ಟದ್ದಕ್ಕೆ ದರ ಕಟ್ಟಿದ ಹಾಗಾಗುತ್ತದೆ. ಬೇಡಿ. ಆ ಪುಸ್ತಕ ಇದೆಯಲ್ಲ, ಅದನ್ನು ಸ್ವಲ್ಪ ಕೊಡಿ.”

ಕನ್ನಡಕ ಹಾಕಿಕೊಂಡು ಪುಟದ ಮೇಲೆ ಬೆರಳಿಟ್ಟು ವರ್ಷವರ್ಷದ ತೂಕ ಓದಿದರು. ಮೂರನೆಯ ಫಸಲಿನ ಹತ್ತಿರ ಬೆರಳು ನಿಂತಿತು.

“ಈ ವರ್ಷ ಅರ್ಧಕ್ಕೆ ಇಳಿದಿದೆ. ಕೊಳೆರೋಗ ಬಂದಿತ್ತೋ, ನಿಮ್ಮವರು ಮದ್ದು ಹೊಡೆಸಲಿಲ್ಲವೋ?”

ಹಿರಿಯರಿಗೆ ಉತ್ತರ ಗೊತ್ತಿರಲಿಲ್ಲ. ಖರ್ಚಿನ ಬದಿಯಲ್ಲಿ ಆ ವರ್ಷ ಮೈಲುತುತ್ತದ ನಮೂದು ಇಲ್ಲವೆಂಬುದನ್ನು ಇಬ್ಬರೂ ಸೇರಿ ಕಂಡುಕೊಂಡರು. ಮರಗಳನ್ನು ನೆಟ್ಟವರು ಆಗ ಸೆರೆಮನೆಯಲ್ಲಿದ್ದರು. ಕೊಂಡವರಿಗೆ ತೋಟದ ಕಸುಬು ತಿಳಿದಿರಲಿಲ್ಲ. ಯಜಮಾನರು ಆ ಪುಟಗಳ ಜೆರಾಕ್ಸ್ ಪ್ರತಿಯೊಂದನ್ನು ಕಳಿಸಿಕೊಡಬೇಕೆಂದು ಕೇಳಿದರು. ಅದನ್ನು ಸಿದ್ದಾಪುರದ ಪೇಟೆಯಲ್ಲಿ ಅಂದೇ ಮಾಡಿಸಿ ಕೊಡಲಾಯಿತು.

ಹುಡುಗನು ಮನಾಮಾಕ್ಕೆ ಮರಳಿದ ಮೇಲೆ ಕಾರಿನ ಉಳಿದ ಬೆಲೆಯನ್ನು ಮೂರು ಕಂತುಗಳಲ್ಲಿ ಆ ಸಹೋದ್ಯೋಗಿಗೆ ಮುಟ್ಟಿಸಿದನು. ಆತ ಬೇಡವೆನ್ನಲಿಲ್ಲ, ಬಾಡಿಗೆ ಬಾಕಿಯಿತ್ತು. ಟ್ರಸ್ಟಿನಲ್ಲಿರುವ ಮೊತ್ತ ಮಾತ್ರ ಅನಾಮತ್ತು ಖಾತೆಯಲ್ಲಿಯೇ ಉಳಿದಿದೆ. ಪ್ರತಿವರ್ಷ ಮಾರ್ಚ್ ಕೊನೆಗೆ ಲೆಕ್ಕ ತನಿಖೆಯವರು ಇದೇನೆಂದು ಕೇಳುತ್ತಾರೆ. ಠರಾವಿನ ಪ್ರತಿಯನ್ನು ತೋರಿಸಲಾಗುತ್ತದೆ. ಮುಂದಿನ ವರ್ಷದ ಪುಟಕ್ಕೆ ಅದನ್ನು ಹಾಗೆಯೇ ಎಳೆಯಲಾಗುತ್ತದೆ.